ಅದೃಷ್ಟ ಚೀಟಿಯ ಮೋಟಾರು ಸೈಕಲ್ಲೂ ಅಚೌರ್ಯ ವ್ರತವೂ

ದುಡಿದು ಗಳಿಸಿದ ಹಣಕ್ಕೆ ತೆರಿಗೆ ಕಟ್ಟಬೇಕೆಂಬುದನ್ನು ಗೃಹಸ್ಥರು ಒಲ್ಲದ ಮನಸ್ಸಿನಿಂದಲಾದರೂ ಒಪ್ಪಿಕೊಳ್ಳುತ್ತಾರೆ. ಆದರೆ ದುಡಿಯದೆ, ಬೇಡದೆ, ಒಂದು ಚೀಟಿಯ ಬಲದಿಂದ ಮನೆಯ ಬಾಗಿಲಿಗೆ ಬಂದು ನಿಂತ ವಸ್ತುವಿಗೆ ತೆರಿಗೆ ಏಕೆ? ಬಂದದ್ದು ಹಣವಾಗಿದ್ದರೆ ಅದರಲ್ಲೊಂದು ಪಾಲು ತೆಗೆದುಕೊಡಬಹುದು. ಬಂದದ್ದು ಮೋಟಾರು ಸೈಕಲ್ಲಾದರೆ ಪಾಲು ಮಾಡುವುದು ಹೇಗೆ? ಒಂದು ಚಕ್ರವನ್ನು ಬಿಚ್ಚಿ ಸರ್ಕಾರಕ್ಕೆ ಒಪ್ಪಿಸಲಾದೀತೆ? ಕೇಳಿದವರಿಗೆ ನಗು ಬರಿಸುವ ಈ ಪ್ರಶ್ನೆಯೊಳಗೆ ಶ್ರಾವಕನ ಅಚೌರ್ಯ ವ್ರತಕ್ಕೆ ಸಂಬಂಧಿಸಿದ ಗಂಭೀರ ವಿಚಾರವೊಂದು ಅಡಗಿದೆ.

ಯಾದಗಿರಿ ಜಿಲ್ಲೆಯ ಗುರುಮಠಕಲ್ ತೆಲಂಗಾಣದ ಗಡಿಗೆ ಅಂಟಿಕೊಂಡಿರುವ ತಾಲ್ಲೂಕು. ಆಚೆಗೆ ಸೀರೆಗಳಿಗೆ ಹೆಸರಾದ ನಾರಾಯಣಪೇಟೆ, ಈಚೆಗೆ ತೊಗರಿ, ಹತ್ತಿ, ಹೆಸರು, ಜೋಳ ಬೆಳೆಯುವ ಹೊಲಗಳು. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುತ್ತವೆ. ಮಳೆ ಕೈಕೊಟ್ಟ ವರ್ಷ ಹೈದರಾಬಾದು, ಮುಂಬಯಿ, ಬೆಂಗಳೂರುಗಳ ಕಡೆಗೆ ಗುಳೆ ಹೋಗುವ ಕುಟುಂಬಗಳು ಈ ಭಾಗದಲ್ಲಿ ಕಡಿಮೆಯಲ್ಲ. ಒಂದು ಕಾಲಕ್ಕೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಈ ಪ್ರದೇಶಕ್ಕೆ ಭಾರತದ ಆದಾಯ ತೆರಿಗೆ ಕಾಯಿದೆ ವಿಸ್ತರಿಸಿದ್ದು 1950ರ ಏಪ್ರಿಲ್ 1ರಿಂದ. ಆದರೂ ಕೃಷಿ ಆದಾಯಕ್ಕೆ ಈ ತೆರಿಗೆ ಇಲ್ಲದಿರುವುದರಿಂದ ಬೇಸಾಯವನ್ನೇ ನಂಬಿದ ಬಹುಪಾಲು ಜನರಿಗೆ ಆದಾಯ ತೆರಿಗೆ ಎಂಬುದು ಪೇಟೆಯವರ ಪಾಡು. ಮೋಟಾರು ಸೈಕಲ್ ಮಾತ್ರ ಇಲ್ಲಿ ಶೋಕಿಯ ವಸ್ತುವಲ್ಲ. ಬೀಜದ ಚೀಲ ತರುವುದಕ್ಕೆ, ಹಾಲಿನ ಕ್ಯಾನು ಒಯ್ಯುವುದಕ್ಕೆ, ಅಪರಾತ್ರಿಯಲ್ಲಿ ಕಾಯಿಲೆಯವರನ್ನು ಆಸ್ಪತ್ರೆಗೆ ಮುಟ್ಟಿಸುವುದಕ್ಕೆ ಅದೇ ಗತಿ.

ಇಂಥ ಊರಿನ ಒಬ್ಬ ಸಣ್ಣ ರೈತನನ್ನು ಕಲ್ಪಿಸಿಕೊಳ್ಳಬಹುದು. ದೀಪಾವಳಿಯ ಮುಂಚೆ ಅರಿವೆ ಅಂಗಡಿಯಲ್ಲಿ ಮನೆಮಂದಿಗೆ ಬಟ್ಟೆ ತೆಗೆದಾಗ ಆತನಿಗೆ ಒಂದು ಕೂಪನ್ನು ಸಿಗುತ್ತದೆ. ಹಬ್ಬ ಮುಗಿದ ಮೇಲೆ ನಾಲ್ಕು ಜನರ ಎದುರಿಗೆ ಸಣ್ಣ ಮಗುವಿನ ಕೈಯಿಂದ ಚೀಟಿ ಎತ್ತಿಸುತ್ತಾರೆ. 90,000 ರೂಪಾಯಿ ಬೆಲೆಯ ಮೋಟಾರು ಸೈಕಲ್ ಆತನ ಹೆಸರಿಗೆ ಬರುತ್ತದೆ. ಓಣಿಗೆಲ್ಲ ಪೇಢೆ ಹಂಚಿ, ಹೂವಿನ ಹಾರ ಹಿಡಿದು ಅಂಗಡಿಗೆ ಹೋದರೆ ಮಾಲೀಕರು ಕೀಲಿಕೈ ಕೊಡುವ ಮೊದಲು 27,000 ರೂಪಾಯಿಯ ಮಾತೆತ್ತುತ್ತಾರೆ.

“ನನಗ ಬಂದದ್ದು ಗಾಡಿ, ರೊಕ್ಕಲ್ಲ ಸಾವ್ಕಾರ್ರೆ. ಈಗ ಇಷ್ಟು ರೊಕ್ಕ ಎಲ್ಲಿಂದ ತರ್ಲಿ?”

“ಕಾಕಾ, ಇದು ನನ್ನ ಪೆಟ್ಟಿಗಿಗೆ ಬರೂ ರೊಕ್ಕಲ್ಲ, ಸರ್ಕಾರಕ್ಕ ಹೋಗೂದು. ಅದು ಕಟ್ಟದ ಗಾಡಿ ಬಿಟ್ರ ನಾಳಿ ನಾ ಸಿಕ್ಕಿ ಬೀಳ್ತೀನಿ.”

ಈ ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರೂ ಇಲ್ಲ. ರೈತನ ಸಂಕಟವೂ ನಿಜ, ವರ್ತಕನ ಭಯವೂ ನಿಜ. ಆದ್ದರಿಂದ ಕಾನೂನು ಹೇಳುವುದೇನೆಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳಿತು.

1961ರ ಆದಾಯ ತೆರಿಗೆ ಕಾಯಿದೆಯಲ್ಲಿ ಮೊದಲು ಆಕಸ್ಮಿಕವಾಗಿ ಬಂದು ಮರುಕಳಿಸದ ಪ್ರಾಪ್ತಿಗಳಿಗೆ ವಿನಾಯಿತಿ ಇತ್ತು. ಲಾಟರಿಯಲ್ಲಿ ಎಷ್ಟೇ ದೊಡ್ಡ ಮೊತ್ತ ಬಂದರೂ ಅದು ಆದಾಯವೆನಿಸುತ್ತಿರಲಿಲ್ಲ. ಇದರ ಫಲವೇನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಕಪ್ಪು ಹಣವುಳ್ಳವನು ಗೆದ್ದವನಿಂದ ಚೀಟಿಯನ್ನು ಹೆಚ್ಚಿನ ಬೆಲೆಗೆ ಕೊಂಡು, ತನಗೇ ಅದೃಷ್ಟ ಒಲಿಯಿತೆಂದು ತೋರಿಸಿ ತನ್ನ ಹಣವನ್ನು ಬಿಳಿದು ಮಾಡಿಕೊಳ್ಳಬಹುದು. 1972ರ ಹಣಕಾಸು ಕಾಯಿದೆಯು ಲಾಟರಿ, ಪದಬಂಧ, ಕುದುರೆ ಪಂದ್ಯ, ಇಸ್ಪೀಟು, ಜೂಜು ಮೊದಲಾದವುಗಳ ಗೆಲುವನ್ನು ಆದಾಯದ ವ್ಯಾಖ್ಯೆಯೊಳಗೆ ಸೇರಿಸಿತು. 1987-88ರ ತೆರಿಗೆ ನಿರ್ಧಾರಣ ವರ್ಷದಿಂದ ಇಂಥ ಗೆಲುವಿಗೆಂದೇ ಪ್ರತ್ಯೇಕವಾಗಿ ಶೇಕಡ 40ರ ದರ ಬಂತು. 2002-03ರಿಂದ ಅದು ಶೇಕಡ 30ಕ್ಕೆ ಇಳಿಯಿತು. ಅದೇ ಸಮಯದಲ್ಲಿ ಲಾಟರಿ ಎಂಬ ಪದಕ್ಕೆ ವಿವರಣೆಯೊಂದನ್ನು ಸೇರಿಸಿ, ಯಾವುದೇ ಹೆಸರಿನ ಯೋಜನೆಯಡಿ ಚೀಟಿ ಎತ್ತುವುದರಿಂದಾಗಲಿ ಆಕಸ್ಮಿಕವಾಗಿಯಾಗಲಿ ದೊರೆತ ಬಹುಮಾನವೂ ಲಾಟರಿಯೇ ಎಂದು ಸ್ಪಷ್ಟಪಡಿಸಲಾಯಿತು. ಹೀಗಾಗಿ ಅಂಗಡಿಯ ಕೂಪನ್ನು, ಜಾತ್ರೆಯ ಲಕ್ಕಿ ಡ್ರಾ, ಸಂಘ ಸಂಸ್ಥೆಗಳ ಸಹಾಯಾರ್ಥ ಚೀಟಿ ಎಲ್ಲವೂ ಒಂದೇ ಸಾಲಿಗೆ ನಿಂತವು. 1961ರ ಕಾಯಿದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯಿದೆ ಬಂದಿದ್ದರೂ ಈ ತತ್ತ್ವ ಬದಲಾಗಿಲ್ಲ.

ಬಹುಮಾನ ವಸ್ತುರೂಪದಲ್ಲಿದ್ದರೆ ಏನು ಮಾಡಬೇಕೆಂಬುದಕ್ಕೂ ಕಾನೂನಿನಲ್ಲಿ ಉತ್ತರವಿದೆ. ಗೆಲುವಿನ ಮೊತ್ತ 10,000 ರೂಪಾಯಿ ಮೀರಿದರೆ ಕೊಡುವವನು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕು. ವಸ್ತುವಿನಿಂದ ಕಡಿಯುವುದು ಸಾಧ್ಯವಿಲ್ಲವಾದ್ದರಿಂದ, ಅದನ್ನು ಬಿಟ್ಟುಕೊಡುವ ಮೊದಲು ತೆರಿಗೆ ಸಂದಾಯವಾಗಿದೆಯೆಂದು ಆತ ಖಚಿತಪಡಿಸಿಕೊಳ್ಳಬೇಕು. ಕರ್ನಾಟಕ ಉಚ್ಚ ನ್ಯಾಯಾಲಯವು ಹಿಂದುಸ್ತಾನ್ ಲಿವರ್ ಕಂಪನಿಯ ಪ್ರಕರಣದಲ್ಲಿ ಈ ವಿಷಯವನ್ನೇ ವಿಚಾರಿಸಿತು. ಬಹುಮಾನ ಪೂರ್ತಿಯಾಗಿ ವಸ್ತುವೇ ಆಗಿದ್ದಾಗ ಕೊಡುವವನ ಮೇಲಿರುವುದು ಕಡಿತದ ಹೊಣೆಯಲ್ಲ, ತೆರಿಗೆ ಸಂದಾಯವಾಗಿದೆಯೆಂದು ನೋಡಿಕೊಳ್ಳುವ ಹೊಣೆ ಎಂದು ಅದು ವಿವರಿಸಿತು. ಅಂಗಡಿಯ ಮಾಲೀಕರು ಕೀಲಿಕೈಯನ್ನು ತಡೆಹಿಡಿದದ್ದು ಜಿಪುಣತನದಿಂದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಲೆಕ್ಕ. ಗುರುಮಠಕಲ್ಲಿನಿಂದ ಉತ್ತರಕ್ಕೆ ಸೇಡಂ ತಾಲ್ಲೂಕಿನಲ್ಲಿರುವ ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳಿಯೇ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಆರಂಭಿಸಿದ್ದಾರೆ. ಬಡ್ಡಿ, ಪಾಲು, ಪ್ರಮಾಣಗಳ ಲೆಕ್ಕಗಳನ್ನು ಅದರಲ್ಲಿ ವಿಸ್ತಾರವಾಗಿ ಹೇಳಿದ್ದಾರೆ. ಅಂಥ ನೆಲದ ನೆರೆಯವರಿಗೆ ಈ ಲೆಕ್ಕ ಕಠಿಣವಾಗದು. 90,000 ರೂಪಾಯಿಯ ಗಾಡಿಗೆ ಶೇಕಡ 30ರಂತೆ 27,000 ರೂಪಾಯಿ ತೆರಿಗೆ. ಆ ತೆರಿಗೆಯ ಮೇಲೆ ಶೇಕಡ 4ರ ಆರೋಗ್ಯ ಮತ್ತು ಶಿಕ್ಷಣ ಉಪಕರವೆಂದು 1,080 ರೂಪಾಯಿ. ಒಟ್ಟು 28,080 ರೂಪಾಯಿ. ಗಾಡಿ ಬಿಡುವಾಗ ಕಟ್ಟುವುದು 27,000. ಉಳಿದ 1,080 ರೂಪಾಯಿಯನ್ನು ಆದಾಯದ ವಿವರ ಸಲ್ಲಿಸುವಾಗ ಕಟ್ಟಬೇಕು. ಆಮೇಲೆ ಯಾದಗಿರಿಯ ಸಾರಿಗೆ ಕಚೇರಿಯಲ್ಲಿ ಕೆಎ 33ರ ನೋಂದಣಿ, ಜೀವಿತಾವಧಿ ತೆರಿಗೆ, ವಿಮೆಗಳ ಖರ್ಚು ಬೇರೆ. ‘ಪುಕ್ಕಟೆ’ ಎಂಬ ಮಾತಿನ ಅರ್ಥ ಅಷ್ಟರಲ್ಲಿ ಬಹಳವೇ ಸಣ್ಣದಾಗಿರುತ್ತದೆ.

ಇಲ್ಲಿಂದಾಚೆಗೆ ಬುದ್ಧಿ ಹೇಳುವವರು ಬಂದೇ ಬರುತ್ತಾರೆ. ಒಬ್ಬರು ಗಾಡಿಯ ಬೆಲೆಯನ್ನು ರಸೀದಿಯಲ್ಲಿ ಕಡಿಮೆ ಬರೆಸು ಎನ್ನುತ್ತಾರೆ. ಇನ್ನೊಬ್ಬರು ಬಹುಮಾನದ ಮಾತನ್ನೇ ಎತ್ತದೆ, ರೈತನೇ ರೊಕ್ಕ ಕೊಟ್ಟು ಕೊಂಡಂತೆ ಬಿಲ್ಲು ಮಾಡಿಸಿದರೆ ಗೊಡವೆಯೇ ಇಲ್ಲ ಎನ್ನುತ್ತಾರೆ. ಮಗನ ಹೆಸರಿಗೋ ಹೆಂಡತಿಯ ಹೆಸರಿಗೋ ಮಾಡಿಸೆಂದು ಮತ್ತೊಬ್ಬರ ಸಲಹೆ. ಕೊನೆಯವರು ಕೂಪನ್ನನ್ನೇ ಕೊಂಡುಕೊಳ್ಳಲು ಗಿರಾಕಿಯನ್ನು ಕರೆತರುತ್ತಾರೆ. ಇವುಗಳಲ್ಲಿ ಹೆಸರು ಬದಲಿಸುವ ಉಪಾಯದಿಂದ ಕಾಸಿನ ಲಾಭವೂ ಇಲ್ಲ. ಏಕೆಂದರೆ ಮೂಲ ವಿನಾಯಿತಿಯ ಮಿತಿ ಈ ಬಗೆಯ ಆದಾಯಕ್ಕೆ ಅನ್ವಯಿಸದು, ಯಾರ ಹೆಸರಿನಲ್ಲಿದ್ದರೂ ದರ ಶೇಕಡ 30ರದೇ. ಉಳಿದ ಉಪಾಯಗಳಿಗೆ ಒಂದು ಸಾಮಾನ್ಯ ಗುಣವಿದೆ. ಅವುಗಳಲ್ಲಿ ಒಂದೂ ಒಬ್ಬನೇ ಮಾಡುವಂಥದ್ದಲ್ಲ. ರೈತ ತಪ್ಪಿಸಿಕೊಳ್ಳಬೇಕಾದರೆ ವರ್ತಕ ಸುಳ್ಳು ಬಿಲ್ಲು ಬರೆಯಬೇಕು, ಆತನ ಗುಮಾಸ್ತ ಆಗದ ಮಾರಾಟವನ್ನು ಖಾತೆಗೆ ಏರಿಸಬೇಕು, ನೋಡಿದವರು ಬಾಯಿ ಮುಚ್ಚಿಕೊಂಡಿರಬೇಕು. ಒಂದು ಗಾಡಿಯ ತೆರಿಗೆ ಉಳಿಸಲು ನಾಲ್ಕು ಜನರ ಸತ್ಯ ಕೆಡುತ್ತದೆ.

ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ವಸ್ತುವನ್ನು ಕೊಳ್ಳುವುದು ಇವು ಮೊದಲ ಎರಡು. ಮೂರನೆಯದು ವಿರುದ್ಧರಾಜ್ಯಾತಿಕ್ರಮ, ಅಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ನಡೆಯುವುದು. ನಾಲ್ಕನೆಯದು ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವ ಹೀನಾಧಿಕಮಾನೋನ್ಮಾನ. ಐದನೆಯದು ಖೋಟಾ ವಸ್ತುವನ್ನು ನಿಜದ ವಸ್ತುವೆಂದು ಸಾಗಿಸುವ ಪ್ರತಿರೂಪಕ ವ್ಯವಹಾರ. ಶತ್ರುರಾಜ್ಯದೊಡನೆ ಗಡಿ ಮೀರಿ ನಡೆಸುವ ಅಕ್ರಮ ವ್ಯಾಪಾರವನ್ನು ಮೂರನೆಯ ಅತಿಚಾರದಲ್ಲಿ ಸೇರಿಸಿ ಅರ್ಥ ಹೇಳುವ ರೂಢಿಯಿದೆ. ಈ ಕಾಲದ ವಿವರಣೆಕಾರರು ತೆರಿಗೆ ತಪ್ಪಿಸುವುದನ್ನೂ ಅದರಡಿ ತರುತ್ತಾರೆ. ಮೇಲೆ ಹೇಳಿದ ಉಪಾಯಗಳನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಬೆಲೆ ಕಡಿಮೆ ಬರೆಸುವುದು ತಕ್ಕಡಿಯ ಮೋಸಕ್ಕಿಂತ ದೂರವಿಲ್ಲ. ಬಹುಮಾನಕ್ಕೆ ಮಾರಾಟದ ವೇಷ ಹಾಕುವುದು ಪ್ರತಿರೂಪಕದ ಜಾತಿಯದೇ. ಅತಿಚಾರವೆಂದರೆ ವ್ರತವು ಪೂರ್ತಿ ಮುರಿದುಬಿದ್ದಂತಲ್ಲ, ಬಿರುಕು ಬಿಟ್ಟಂತೆ. ಮನೆಯ ಗೋಡೆ ಬೀಳುವುದೂ ಬಿರುಕಿನಿಂದಲೇ ಆರಂಭವಾಗುತ್ತದೆ.

ಅದೃಷ್ಟಕ್ಕೆ ಮಾತ್ರ ತೆರಿಗೆ, ಸಾಮರ್ಥ್ಯಕ್ಕೆ ಇಲ್ಲವೆಂದು ಕೆಲವರು ತಿಳಿಯುವುದುಂಟು. ಅದೂ ಸರಿಯಲ್ಲ. ಅಖಿಲ ಭಾರತ ಹೆದ್ದಾರಿ ಮೋಟಾರು ರ‍್ಯಾಲಿಯಲ್ಲಿ ಗೆದ್ದು 22,000 ರೂಪಾಯಿ ಬಹುಮಾನ ಪಡೆದ ಜಿ.ಆರ್. ಕಾರ್ತಿಕೇಯನ್ ಅವರ ಪ್ರಕರಣದಲ್ಲಿ 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ವಾಹನ ಚಾಲನೆಯ ಕುಶಲತೆಯಿಂದ ಬಂದ ಬಹುಮಾನ ಜೂಜಿನ ಗೆಲುವಲ್ಲವಾದರೂ, ಆದಾಯ ಎಂಬ ಪದದ ಅರ್ಥ ವಿಶಾಲವಾದದ್ದಾದ್ದರಿಂದ ಅದೂ ಆದಾಯವೇ ಎಂದು ನ್ಯಾಯಾಲಯ ಹೇಳಿತು. ಪರದೇಶಗಳಲ್ಲಿ ಪದ್ಧತಿ ಒಂದೇ ತೆರನಾಗಿಲ್ಲ. ಬ್ರಿಟನ್ನಿನಲ್ಲಿ ಲಾಟರಿಯ ಗೆಲುವಿಗೆ ಆದಾಯ ತೆರಿಗೆ ಇಲ್ಲ. ಅಮೆರಿಕದಲ್ಲಿ ಇದೆ. 2004ರಲ್ಲಿ ಓಪ್ರಾ ವಿನ್‌ಫ್ರೇ ಅವರ ದೂರದರ್ಶನ ಕಾರ್ಯಕ್ರಮದಲ್ಲಿ 276 ಮಂದಿ ಪ್ರೇಕ್ಷಕರಿಗೆ ಒಂದೊಂದು ಹೊಸ ಕಾರು ದೊರೆಯಿತು. ಸಂಭ್ರಮ ಇಳಿದ ಮೇಲೆ ಆ ಕಾರಿನ ಬೆಲೆಗೆ ತಾವೇ ಸಾವಿರಾರು ಡಾಲರು ತೆರಿಗೆ ಕಟ್ಟಬೇಕೆಂಬುದು ಅವರಿಗೆ ತಿಳಿಯಿತು. ಗುರುಮಠಕಲ್ಲಿನ ರೈತನ ಪ್ರಶ್ನೆಯೇ ಅಲ್ಲಿಯೂ ಎದ್ದಿತು.

ಆದರೆ ಕಾನೂನನ್ನು ಪಾಲಿಸಬೇಕೆಂದು ಹೇಳುವವರು ಅದರಲ್ಲಿರುವ ಕೊರತೆಯನ್ನು ಮುಚ್ಚಿಡಬಾರದು. ಕೋಟ್ಯಧೀಶನಿಗೂ ಕೂಲಿಕಾರನಿಗೂ ಇಲ್ಲಿ ಒಂದೇ ದರ. ಧನಿಕನಿಗೆ 27,000 ರೂಪಾಯಿ ಒಂದು ದಿನದ ಮಾತು. ಎರಡು ಎಕರೆಯ ರೈತನಿಗೆ ಅದು ಬೀಜ ಗೊಬ್ಬರದ ದುಡ್ಡು. ಸಾಲ ತಂದು ಕಟ್ಟಬೇಕು, ಇಲ್ಲವೆ ತೊಗರಿಯನ್ನು ಬೆಲೆ ಬರುವ ಮುಂಚೆಯೇ ಮಾರಬೇಕು. ಹೊಸ ಗಾಡಿಯನ್ನು ಅಂಗಡಿಯ ಮುಂದೆಯೇ ಮಾರಿ ತೆರಿಗೆ ಕಟ್ಟೋಣವೆಂದರೆ, ಕಟ್ಟದ ಹೊರತು ಗಾಡಿ ಕೈಗೆ ಬರುವುದಿಲ್ಲ. ಈ ಸುಳಿಯಲ್ಲಿ ಸಿಕ್ಕಿದವನಿಗೆ ಬರಿಯ ವ್ರತೋಪದೇಶ ಮಾಡುವುದು ಕ್ರೂರವಾಗುತ್ತದೆ. ಆತನ ಪ್ರಾಮಾಣಿಕತೆಗೆ ದಾರಿ ಮಾಡಿಕೊಡುವ ಹೊಣೆ ಬಹುಮಾನ ಇಟ್ಟವರ ಮೇಲಿದೆ.

ಅದಕ್ಕೊಂದು ಸುಲಭವಾದ ಮಾರ್ಗವಿದೆ. ಬಹುಮಾನದಲ್ಲಿ ಗಾಡಿಯ ಜೊತೆಗೆ ತೆರಿಗೆಗೆ ಸಾಲುವಷ್ಟು ನಗದನ್ನೂ ಸೇರಿಸುವುದು. ಆ ನಗದೂ ಗೆಲುವೇ ಆದ್ದರಿಂದ ಅದಕ್ಕೂ ತೆರಿಗೆ ತಗಲುತ್ತದೆ ಎಂಬುದನ್ನು ಮರೆಯಬಾರದು. 90,000 ರೂಪಾಯಿಯ ಗಾಡಿಯೊಡನೆ 28,080 ರೂಪಾಯಿ ಇಟ್ಟರೆ ಸಾಲದು; ಸುಮಾರು 40,814 ರೂಪಾಯಿ ಇಡಬೇಕು. ಆಗ ಒಟ್ಟು ಬಹುಮಾನ 1,30,814 ರೂಪಾಯಿಯಾಗಿ, ಉಪಕರವೂ ಸೇರಿ ಶೇಕಡ 31.2ರ ಲೆಕ್ಕದಲ್ಲಿ ತೆರಿಗೆ ಅಷ್ಟೇ ಆಗುತ್ತದೆ. ಗೆದ್ದವನು ಕೈಯಿಂದ ಏನನ್ನೂ ಹಾಕದೆ ಗಾಡಿಯನ್ನು ಮನೆಗೆ ಒಯ್ಯುತ್ತಾನೆ. ಇಷ್ಟು ಶಕ್ತಿ ಇಲ್ಲದವರು ಗಾಡಿಯ ಬದಲು ಸೈಕಲ್ಲನ್ನೋ ಹೊಲಿಗೆ ಯಂತ್ರವನ್ನೋ ಇಡಲಿ. ಅದಕ್ಕೂ ಆಗದಿದ್ದರೆ ತೆರಿಗೆ ಗೆದ್ದವರದೇ ಎಂಬ ಮಾತನ್ನು ಕೂಪನ್ನಿನ ಮೇಲೆ ದೊಡ್ಡ ಅಕ್ಷರಗಳಲ್ಲಿ, ಊರಿನವರು ಓದಬಲ್ಲ ಭಾಷೆಯಲ್ಲಿ ಅಚ್ಚು ಹಾಕಿಸಲಿ. ಗಾಡಿಯ ಚಿತ್ರವನ್ನು ಆಳೆತ್ತರ ಬರೆಸಿ ತೆರಿಗೆಯ ಮಾತನ್ನು ಮರೆಮಾಚುವುದು ಸತ್ಯಾಣುವ್ರತಕ್ಕೆ ಒಪ್ಪುವ ವ್ಯಾಪಾರವಲ್ಲ.

ಇದಕ್ಕಿಂತ ಹಿಂದಕ್ಕೆ ಹೋಗಿ ಕೇಳಬೇಕಾದ ಪ್ರಶ್ನೆಯೂ ಒಂದುಂಟು. ಚೀಟಿ ಎತ್ತುವ ಆಟವೇ ಶ್ರಾವಕನಿಗೆ ಸಲ್ಲುವುದೇ? ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತಕ್ಕೆ ಮೊದಲ ಸ್ಥಾನ. ರಾಜ್ಯದ ಕಾನೂನು ಕೂಡ ಇದನ್ನು ಸಡಿಲವಾಗಿ ಬಿಟ್ಟಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿಯನ್ನು ನಿಷೇಧಿಸಲಾಯಿತು. ಸರ್ಕಾರದ ಅನುಮತಿಯಿಲ್ಲದೆ ಲಾಟರಿ ನಡೆಸುವುದಕ್ಕೆ ಸ್ಥಳವಿಟ್ಟುಕೊಳ್ಳುವುದು ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧವೇ. ತಿಂಗಳು ತಿಂಗಳು ಕಂತು ಕಟ್ಟಿಸಿಕೊಂಡು, ಚೀಟಿ ಬಂದವರಿಗೆ ಗಾಡಿ ಕೊಟ್ಟು, ಕೊನೆಗೊಂದು ದಿನ ಬಾಗಿಲು ಹಾಕಿಕೊಂಡು ಹೋಗುವ ‘ಲಕ್ಕಿ ಸ್ಕೀಮು’ಗಳ ಹಾವಳಿಯನ್ನು ಸಣ್ಣ ಊರುಗಳು ಚೆನ್ನಾಗಿ ಬಲ್ಲವು. ಇಂಥ ಬಹುಮಾನ ಚೀಟಿಗಳನ್ನು ತಡೆಯುವುದಕ್ಕೆಂದೇ 1978ರಲ್ಲಿ ಕೇಂದ್ರ ಸರ್ಕಾರ ಕಾಯಿದೆಯನ್ನು ತಂದಿದೆ. ಅಲ್ಲಿ ಗೆದ್ದವನು ತೆರಿಗೆ ಕಟ್ಟಿದ ಮಾತ್ರಕ್ಕೆ ಆ ವ್ಯವಹಾರ ಶುದ್ಧವಾಗದು. ಉಳಿದವರ ಮುಳುಗಿದ ಕಂತುಗಳೇ ಆತನ ಗಾಡಿಯ ಬೆಲೆ.

ಬಟ್ಟೆ ಕೊಂಡಾಗ ಕೇಳದೆಯೇ ಬಂದ ಕೂಪನ್ನಿಗೂ ಗೆಲ್ಲುವ ಆಸೆಯಿಂದ ಹಣ ತೆತ್ತು ಕೊಂಡ ಚೀಟಿಗೂ ಭಾವದಲ್ಲಿ ಅಂತರವಿದೆ. ತೆರಿಗೆಯ ದೃಷ್ಟಿಯಲ್ಲಿ ಆ ಅಂತರವಿಲ್ಲ. ಕರ್ಮಬಂಧದ ದೃಷ್ಟಿಯಲ್ಲಿ ಇದೆ. ಮೊದಲನೆಯದರಲ್ಲಿ ರಾಗವಿಲ್ಲದೆ ಬಂದದ್ದನ್ನು ವಿವೇಕದಿಂದ ಸ್ವೀಕರಿಸಲು ಅವಕಾಶವಿದೆ. ಎರಡನೆಯದರಲ್ಲಿ ಪರರ ಸೋಲನ್ನು ಬಯಸಿದ ಮನಸ್ಸು ಮೊದಲೇ ಕೆಲಸ ಮಾಡಿರುತ್ತದೆ. ಸಹಾಯಾರ್ಥವಾಗಿ ಲಕ್ಕಿ ಡ್ರಾ ನಡೆಸುವ ಸಂಘಗಳು ಈ ಭೇದವನ್ನು ಗಮನಿಸಬೇಕು. ಒಳ್ಳೆಯ ಕಾರ್ಯಕ್ಕೆ ನೇರವಾಗಿ ದಾನ ಕೇಳುವ ಧೈರ್ಯ ಸಾಲದೆ ಆಸೆಯ ಗಾಳವನ್ನು ಬಿಟ್ಟು ಹಣ ಎತ್ತಿದರೆ, ಕೊಟ್ಟವನಿಗೆ ದಾನದ ಫಲವೂ ಇಲ್ಲ, ಪಡೆದವರಿಗೆ ಗೌರವವೂ ಇಲ್ಲ.

ಪರಿಗ್ರಹ ಪರಿಮಾಣದ ಮಾತೂ ಇಲ್ಲಿ ಬರುತ್ತದೆ. ದಿಗಂಬರ ಪರಂಪರೆಯ ಹತ್ತು ಬಾಹ್ಯ ಪರಿಗ್ರಹಗಳಲ್ಲಿ ಯಾನವೂ ಒಂದು. ಇಷ್ಟೇ ವಾಹನ ಸಾಕೆಂದು ನಿಯಮ ಮಾಡಿಕೊಂಡ ಗೃಹಸ್ಥನಿಗೆ ಚೀಟಿಯಲ್ಲಿ ಇನ್ನೊಂದು ಬಂದರೆ ಅದು ಪರೀಕ್ಷೆಯ ಘಳಿಗೆ. ಬಹುಮಾನವನ್ನು ಬೇಡವೆನ್ನುವ ಸ್ವಾತಂತ್ರ್ಯ ಆತನಿಗಿದೆ. ಸ್ವೀಕರಿಸಿ, ತೆರಿಗೆ ಕಟ್ಟಿ, ಅದರ ಅಗತ್ಯವಿರುವವರಿಗೆ ಕೊಡುವ ದಾರಿಯೂ ಇದೆ. ಆದರೆ ಕೊಟ್ಟುಬಿಟ್ಟೆನೆಂದು ತೆರಿಗೆಯನ್ನು ಬಿಡುವಂತಿಲ್ಲ. ದಾನವಾಗಬೇಕಾದರೆ ವಸ್ತು ಮೊದಲು ನಿಜವಾಗಿ ತನ್ನದಾಗಿರಬೇಕು. ಅದರಲ್ಲಿ ಇತರರಿಗೆ ಸಲ್ಲಬೇಕಾದ ಪಾಲು ಉಳಿದಿರುವವರೆಗೆ ಅದು ಪೂರ್ತಿ ತನ್ನದಲ್ಲ.

ರೈತನ ವಿಷಯಕ್ಕೆ ಬಂದರೆ, ಆತನ ಮುಂದಿರುವ ಆಯ್ಕೆಗಳು ಮೂರೇ. ಗಾಡಿ ಬೇಡವೆಂದು ಬರೆದುಕೊಡುವುದು ಒಂದು. ಗಾಡಿಗೆ ಬದಲಾಗಿ ನಗದನ್ನೇ ಕೊಟ್ಟು, ಅದರಲ್ಲಿ ತೆರಿಗೆ ಮುರಿದುಕೊಳ್ಳುವಂತೆ ವರ್ತಕರನ್ನು ಕೇಳಿಕೊಳ್ಳುವುದು ಇನ್ನೊಂದು. ಹೇಗಾದರೂ 28,080 ರೂಪಾಯಿ ಹೊಂದಿಸಿ ಕಟ್ಟಿ, ಬೆಲೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಗೆ ಹೊಸ ಗಾಡಿಯೊಂದು ದೊರೆಯಿತೆಂದು ಭಾವಿಸಿಕೊಳ್ಳುವುದು ಮೂರನೆಯದು. ಮೂರೂ ಮರ್ಯಾದೆಯ ದಾರಿಗಳೇ. ಮೂರನೆಯದನ್ನು ಹಿಡಿಯುವವನಿಗೆ ನೆರೆಹೊರೆಯವರು ಬಡ್ಡಿಯಿಲ್ಲದೆ ನಾಲ್ಕು ತಿಂಗಳ ಕೈಗಡ ಕೊಟ್ಟರೆ, ಸುಳ್ಳು ಬಿಲ್ಲಿನ ಉಪಾಯ ಹೇಳಿಕೊಟ್ಟವರಿಗಿಂತ ಅವರೇ ಆತನ ನಿಜವಾದ ಹಿತೈಷಿಗಳಾಗುತ್ತಾರೆ. ಇದು ಸಾಧರ್ಮಿಕ ವಾತ್ಸಲ್ಯದ ಒಂದು ಸಣ್ಣ ರೂಪ; ಧರ್ಮ ಬೇರೆಯಾದ ನೆರೆಯವನಿಗೆ ಸಲ್ಲಿಸಿದರೂ ಅದರ ಬೆಲೆ ಕುಂದದು.

ಲಾಭವು ಲಾಭಾಂತರಾಯ ಕರ್ಮದ ಕ್ಷಯೋಪಶಮದಿಂದ ಒದಗುವುದೆಂದು ನಂಬಿದವನಿಗೆ ಚೀಟಿಯ ಗಾಡಿಯಲ್ಲಿ ತನ್ನ ಜಾಣ್ಮೆ ಏನೂ ಕಾಣಲಾರದು. ತನ್ನ ಜಾಣ್ಮೆಯಿಂದ ಬಾರದ ವಸ್ತುವನ್ನು ಉಳಿಸಿಕೊಳ್ಳುವುದಕ್ಕೆ ಜಾಣ್ಮೆಯನ್ನು ವಕ್ರವಾಗಿ ಬಳಸುವುದು ಎಂಥ ವ್ಯಾಪಾರ? ಆ ಗಾಡಿ ಹತ್ತು ಹದಿನೈದು ವರ್ಷ ಓಡಿ ಒಂದು ದಿನ ಗುಜರಿಗೆ ಹೋಗುತ್ತದೆ. ಅದರ ನೆಪದಲ್ಲಿ ಬರೆಸಿದ ಸುಳ್ಳು ಬಿಲ್ಲು ಬರೆದವನ ಮನಸ್ಸಿನಲ್ಲೂ ಬರೆಸಿದವನ ಮನಸ್ಸಿನಲ್ಲೂ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಕಟ್ಟಿದ ತೆರಿಗೆಯ ಚಲನ್ನನ್ನು ಗಾಡಿಯ ಕಾಗದಪತ್ರಗಳ ಜೊತೆಗಿಟ್ಟುಕೊಂಡವನು, ಕೇಳಿದವರಿಗೆಲ್ಲ “ಇದು ಚೀಟಿಯಲ್ಲಿ ಬಂದದ್ದು” ಎಂದು ನಿರ್ಭಯವಾಗಿ ಹೇಳಬಲ್ಲನು.